ದೋಣಿಯ ಆಳಮಾಪಕಕ್ಕೆ ಸರಿಯಾದ ಜಾಗ ಹುಡುಕಿದ ಬಗೆ

ಗಂಗೊಳ್ಳಿಯ ಅಳಿವೆ ಬಾಗಿಲಿನಲ್ಲಿ, ಅಂದರೆ ನದಿ ಸಮುದ್ರ ಸೇರುವಲ್ಲಿ, ಮರಳಿನ ದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಆದ್ದರಿಂದ ಹದಿನೆಂಟು ಅಡಿಯ ನನ್ನ ಫೈಬರ್ ದೋಣಿಗೆ, ಧ್ವನಿಯ ನೆರವಿನಿಂದ ಆಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್ ತಂದಾಗ, ಮೀನು ತೋರಿಸುವುದಕ್ಕಿಂತ ಹೆಚ್ಚಾಗಿ ಅದು ವೇಗದಲ್ಲಿ ಹೋಗುವಾಗಲೂ ಆಳವನ್ನು ತಪ್ಪದೆ ತೋರಿಸಬೇಕೆಂಬುದು ನನ್ನ ಅಪೇಕ್ಷೆಯಾಗಿತ್ತು. ಅದು ಯಂತ್ರದ ಬೆಲೆಗಿಂತಲೂ, ನೀರಿಗೆ ಧ್ವನಿ ಕಳಿಸಿ ಮರಳುವ ಪ್ರತಿಧ್ವನಿಯನ್ನು ಹಿಡಿಯುವ ಅದರ ಭಾಗವಾದ ಟ್ರಾನ್ಸ್‌ಡ್ಯೂಸರನ್ನು ಎಲ್ಲಿ ಕೂರಿಸುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಟ್ರಾನ್ಸ್‌ಡ್ಯೂಸರ್ ಕಳಿಸುವ ಧ್ವನಿ ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುತ್ತದೆ. ಹದಿನೈದು ಮೀಟರ್ ಆಳದ ತಳಕ್ಕೆ ಹೋಗಿ ಮರಳಲು ಅದಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಆದರೆ ನೀರು ಮತ್ತು ಗಾಳಿ ಸೇರುವ ಅಂಚಿನಲ್ಲಿ ಈ ಧ್ವನಿ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ಹೀಗಾಗಿ ಟ್ರಾನ್ಸ್‌ಡ್ಯೂಸರಿನ ಮುಖದ ಕೆಳಗೆ ಗುಳ್ಳೆಗಳ ಪದರವೊಂದು ಹರಿದರೆ ತಳ ಕಾಣುವುದೇ ಇಲ್ಲ. ಎಲ್ಲ ವೇಗಗಳಲ್ಲೂ ಗುಳ್ಳೆಯಿಲ್ಲದ ನೀರು ಹರಿಯುವ ಜಾಗವನ್ನು ಹುಡುಕುವುದೇ ಇಲ್ಲಿ ನಿಜವಾದ ಕೆಲಸ.

ಮೊದಲು ದೋಣಿಯ ಒಳಗಿನಿಂದಲೇ ತಳದ ಮೂಲಕ ನೋಡುವ ಸಾಧ್ಯತೆಯನ್ನು ಪರೀಕ್ಷಿಸಿದೆ, ಏಕೆಂದರೆ ದಡದ ಮರಳಿನ ಮೇಲೆ ಎಳೆಯುವ ದೋಣಿಗೆ ಅದು ಅತ್ಯಂತ ಸುರಕ್ಷಿತ. ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಟ್ರಾನ್ಸ್‌ಡ್ಯೂಸರನ್ನಿಟ್ಟು, ಒದ್ದೆ ಮಾಡಿದ ಒಳತಳಕ್ಕೆ ಒತ್ತಿ ಹಿಡಿದು, ಪರದೆಯ ಚಿತ್ರವನ್ನು ಪಕ್ಕದಿಂದ ನೀರಿಗಿಳಿಸಿದಾಗ ಬರುವ ಚಿತ್ರದೊಂದಿಗೆ ಹೋಲಿಸಿದೆ. ಗಟ್ಟಿ ಫೈಬರ್ ಮಾತ್ರ ಇದ್ದರೆ ಈ ವಿಧಾನ ಚೆನ್ನಾಗಿಯೇ ನಡೆಯುತ್ತದೆ. ನನ್ನ ದೋಣಿಯ ತಳದಲ್ಲಿ ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುವುದರಿಂದ ಪರದೆಯಲ್ಲಿ ಸಮುದ್ರತಳದ ಗೆರೆ ಮಸುಕಾಗಿ, ಕೆಲವೆಡೆ ಪೂರ್ತಿ ಅಳಿಸಿಹೋಯಿತು. ಆ ಆಲೋಚನೆಯನ್ನು ಅಲ್ಲಿಗೇ ಬಿಟ್ಟೆ.

ಉಳಿದದ್ದು ಎಂಜಿನ್ ಕೂರುವ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್. ನನ್ನ ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್, ದೋಣಿಯ ಹಿಂದೆ ನಿಂತು ನೋಡಿದರೆ, ಪ್ರದಕ್ಷಿಣವಾಗಿ ತಿರುಗುತ್ತದೆ. ಬಲಬದಿಯಲ್ಲಿ ಅದರ ಎಲೆಗಳು ಕೆಳಕ್ಕೆ ಇಳಿಯುತ್ತವೆ, ಎಡಬದಿಯಲ್ಲಿ ಮೇಲಕ್ಕೇರುತ್ತ ನೊರೆಯನ್ನು ಎತ್ತಿ ಎಸೆಯುತ್ತವೆ. ಆದ್ದರಿಂದ ಬಲಬದಿಯನ್ನೇ ಆರಿಸಿದೆ. ಪ್ರೊಪೆಲ್ಲರಿನಿಂದ ಕನಿಷ್ಠ ಹದಿನೈದು ಇಂಚು ದೂರವಿರಬೇಕೆಂಬುದು ಸಾಮಾನ್ಯ ನಿಯಮ. ಹಾಗೆಂದು ಬಹಳ ಹೊರಗೆ ಸರಿಸಿದರೆ, ತಳ ಇಳಿಜಾರಾಗಿರುವ ದೋಣಿ ಅಲೆಯಲ್ಲಿ ವಾಲಿದಾಗ ಟ್ರಾನ್ಸ್‌ಡ್ಯೂಸರ್ ನೀರಿನಿಂದ ಮೇಲೆದ್ದುಬಿಡುತ್ತದೆ. ಇದರ ಜೊತೆಗೆ ತಳದಲ್ಲಿ ಉದ್ದಕ್ಕೂ ಇರುವ ಉಬ್ಬುಪಟ್ಟಿಗಳ ನೇರ ಹಿಂದೆಯೂ ಕೂರಿಸಬಾರದು. ಪ್ರತಿ ಪಟ್ಟಿಯೂ ಗುಳ್ಳೆಗಳ ಸಾಲನ್ನು ಬಿಡುತ್ತಲೇ ಇರುತ್ತದೆ.

ತೂತು ಕೊರೆಯುವ ಮೊದಲು ಉದ್ದನೆಯ ಮರದ ಪಟ್ಟಿಯ ತುದಿಗೆ ಟ್ರಾನ್ಸ್‌ಡ್ಯೂಸರನ್ನು ಬಿಗಿದು, ಆ ಪಟ್ಟಿಯನ್ನು ಎರಡು ಸಿ-ಕ್ಲ್ಯಾಂಪುಗಳಿಂದ ಟ್ರಾನ್ಸಮ್‌ಗೆ ಹಿಡಿಸಿದೆ. ದೋಣಿ ನಡೆಸುವ ಹಿರಿಯ ತಾಂಡೇಲರೊಬ್ಬರು ಎಂಜಿನ್ ನಡೆಸುತ್ತಿದ್ದರೆ ನಾನು ಹಿಂದೆ ಕುಳಿತು ನೀರನ್ನೂ ಪರದೆಯನ್ನೂ ನೋಡುತ್ತಿದ್ದೆ. ನಿಧಾನಗತಿ, ಅರ್ಧ ವೇಗ, ಪೂರ್ಣ ವೇಗ, ಎರಡೂ ಕಡೆಯ ತಿರುವು ಹೀಗೆ ನೋಡಿ, ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿದೆವು. ಎರಡು ಉಬ್ಬುಪಟ್ಟಿಗಳ ನಡುವೆ ಅಂಗೈಯಗಲದ ಜಾಗದಲ್ಲಿ ನೀರು ಗಾಜಿನಂತೆ ನಯವಾಗಿ ಹರಿಯುತ್ತಿತ್ತು. ಅಲ್ಲಿ ಸಮುದ್ರತಳದ ಗೆರೆ ದಪ್ಪವಾಗಿ ನಿಂತದ್ದಲ್ಲದೆ, ಆಳ ಕಡಿಮೆಯಿದ್ದೆಡೆ ಎರಡು ಪಟ್ಟು ಆಳದಲ್ಲಿ ಅದರ ಎರಡನೇ ಪ್ರತಿಧ್ವನಿಯೂ ಕಾಣಿಸಿತು. ಮರಳಿ ಬರುವ ಧ್ವನಿ ಬಲವಾಗಿದೆ ಎಂಬುದಕ್ಕೆ ಅದು ಒಳ್ಳೆಯ ಗುರುತು.

ಪರದೆಯಲ್ಲಿ ಬೇಡದ ಚುಕ್ಕೆಗಳು ಹೆಚ್ಚಿದಾಗ ಕಾರಣವನ್ನು ಬೇರ್ಪಡಿಸಲು ಸುಲಭದ ದಾರಿಯಿದೆ. ದೋಣಿಯನ್ನು ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನಿನ ವೇಗವನ್ನಷ್ಟೇ ಏರಿಸಬೇಕು. ಆಗಲೂ ಚುಕ್ಕೆಗಳು ಹೆಚ್ಚಾದರೆ ದೋಷ ವಿದ್ಯುತ್ತಿನದು. ದೋಣಿ ಚಲಿಸಿದಾಗ ಮಾತ್ರ ಹೆಚ್ಚಾದರೆ ಬಹುಮಟ್ಟಿಗೆ ಗುಳ್ಳೆಯದು. ಎಂಜಿನ್ನಿನ ತಂತಿಗಳಿಂದ ಟ್ರಾನ್ಸ್‌ಡ್ಯೂಸರಿನ ಕೇಬಲನ್ನು ದೂರ ಸರಿಸಿದ ಮೇಲೆ ನನ್ನಲ್ಲಿ ಮೊದಲ ಬಗೆಯ ಚುಕ್ಕೆಗಳು ಇಲ್ಲವಾದವು.

ನೀರಿನ ಮಟ್ಟಕ್ಕಿಂತ ಕೆಳಗೆ ಆದಷ್ಟು ಕಡಿಮೆ ತೂತುಗಳಿರಲೆಂದು, ದಪ್ಪ ಪ್ಲಾಸ್ಟಿಕ್ ಹಲಗೆಯೊಂದನ್ನು ಮೇಲ್ಭಾಗದ ಸ್ಕ್ರೂಗಳಿಂದ ಟ್ರಾನ್ಸಮ್‌ಗೆ ಬಿಗಿದು, ಟ್ರಾನ್ಸ್‌ಡ್ಯೂಸರನ್ನು ಹಿಡಿಯುವ ಬ್ರ್ಯಾಕೆಟ್ಟನ್ನು ಆ ಹಲಗೆಗೆ ಜೋಡಿಸಿದೆ. ಪ್ರತಿ ತೂತಿಗೂ ಮರೈನ್ ಸೀಲೆಂಟ್ ತುಂಬಿದೆ, ಏಕೆಂದರೆ ಒಳಗಿನ ಪ್ಲೈವುಡ್ಡಿಗೆ ನೀರಿಳಿದರೆ ಎಂಜಿನ್ ಹೊರುವ ಹಲಗೆಯೇ ಕೊಳೆಯುತ್ತದೆ. ಟ್ರಾನ್ಸ್‌ಡ್ಯೂಸರಿನ ಮುಖ ದೋಣಿಯ ತಳದ ಅಂಚಿನಿಂದ ಸುಮಾರು 3 ಮಿಲಿಮೀಟರ್ ಕೆಳಗಿದೆ. ದೋಣಿ ಓಡುವಾಗ ಅದು ನೀರಿನ ಮಟ್ಟಕ್ಕೆ ಸಮಾಂತರವಾಗಿರುವಂತೆ ನೋಡಿಕೊಂಡೆ. ಪರದೆಯಲ್ಲಿ ಮೀನಿನ ಬಿಲ್ಲಿನಾಕಾರದ ಗುರುತು ಒಂದೇ ಬದಿಯಲ್ಲಿ ಇಳಿದಂತೆ ಕಾಣುತ್ತಿದ್ದರೆ ಮುಖ ಹಿಂದಕ್ಕೋ ಮುಂದಕ್ಕೋ ವಾಲಿದೆ ಎಂದು ಅನುಮಾನಿಸಬೇಕು. ಪೆಟ್ಟು ಬಿದ್ದರೆ ಹಿಂದಕ್ಕೆ ಮಡಚಿಕೊಳ್ಳುವ ಬ್ರ್ಯಾಕೆಟ್ ನಮ್ಮ ಮರಳು ದಡಕ್ಕೆ ಅತ್ಯಗತ್ಯ.

ಕೊನೆಗೆ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ಮಾರುಗಳಲ್ಲಿ ಅಳೆದ ಆಳವನ್ನು ಪರದೆಯ ಅಂಕಿಯೊಂದಿಗೆ ತಾಳೆ ನೋಡಿದೆವು. ಪ್ರೊಪೆಲ್ಲರ್ ಟ್ರಾನ್ಸ್‌ಡ್ಯೂಸರಿಗಿಂತ ಕೆಳಗಿರುವುದರಿಂದ ಆ ವ್ಯತ್ಯಾಸವನ್ನು ಕಳೆಯುವಂತೆ ಸೆಟ್ಟಿಂಗ್ ಬದಲಿಸಿದೆ. ಈಗ ಪರದೆ ತೋರಿಸುವುದು ಪ್ರೊಪೆಲ್ಲರಿನ ಕೆಳಗೆ ಉಳಿದಿರುವ ನೀರನ್ನು. ಅಳಿವೆ ಬಾಗಿಲು ದಾಟುವಾಗ ನನಗೆ ಬೇಕಾದ ಲೆಕ್ಕವೂ ಅದೇ.