ಇಕಾಗ್ ಅಂಕ 1 ಅಥವಾ 2? ಇಬ್ಬರು ವೈದ್ಯರ ಲೆಕ್ಕ ತಾಳೆಯಾಗಲು ಹೀಗೆ ಮಾಡಿ

ಕ್ಯಾನ್ಸರ್ ರೋಗಿ ಕೀಮೋ ತಾಳಿಕೊಳ್ಳಬಲ್ಲರೇ ಎಂದು ನಿರ್ಧರಿಸುವಾಗ ವೈದ್ಯರು ಇಕಾಗ್ (ECOG) ಅಂಕ, ಅಂದರೆ ರೋಗಿಯ ದಿನನಿತ್ಯದ ಓಡಾಟ, ಕೆಲಸದ ಶಕ್ತಿಯನ್ನು ಅಳೆಯುವ ಅಂಕ ನೋಡುತ್ತಾರೆ. 0 ಎಂದರೆ ಓಡಾಟ ಮೊದಲಿನಂತೆಯೇ ಇದೆ, 4 ಎಂದರೆ ಪೂರ್ತಿ ಹಾಸಿಗೆ ಹಿಡಿದಿದ್ದಾರೆ. ತಕರಾರು ಹೆಚ್ಚಾಗಿ ನಡುವಿನ ಅಂಕಗಳದ್ದು. ಹಲವು ಔಷಧ ಪ್ರಯೋಗಗಳು 0 ಮತ್ತು 1 ಇದ್ದವರನ್ನಷ್ಟೇ ಸೇರಿಸಿಕೊಳ್ಳುತ್ತವೆ, ಹಾಗಾಗಿ ಇಲ್ಲಿ ಒಂದು ಅಂಕವೂ ಸಣ್ಣದಲ್ಲ.

ಮೊದಲು ‘ಹೇಗಿದ್ದೀರಿ?’ ಎಂಬ ಪ್ರಶ್ನೆ ಬಿಡಿ. ‘ಪರವಾಗಿಲ್ಲ ಡಾಕ್ಟ್ರೇ’ ಎಂಬ ಉತ್ತರದಿಂದ ಏನೂ ತಿಳಿಯದು. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ರಾತ್ರಿ ಎಷ್ಟಕ್ಕೆ ಮಲಗುತ್ತೀರಿ, ನಡುವೆ ಎಷ್ಟು ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲೇ ಇರುತ್ತೀರಿ ಎಂದು ಕೇಳಿ. 6ಕ್ಕೆ ಎದ್ದು 10ಕ್ಕೆ ಮಲಗುವವರ ಎಚ್ಚರದ ಹೊತ್ತು 16 ಗಂಟೆ. ಅದರಲ್ಲಿ 8 ಗಂಟೆಗಿಂತ ಹೆಚ್ಚು ಹಾಸಿಗೆ ಅಥವಾ ಕುರ್ಚಿಗೇ ಅಂಟಿಕೊಂಡಿದ್ದು, ತಮ್ಮ ಆರೈಕೆಯನ್ನೂ ಅಷ್ಟಕ್ಕಷ್ಟೇ ಮಾಡಿಕೊಳ್ಳುತ್ತಿದ್ದರೆ ಅಂಕ 3. ಅದಕ್ಕಿಂತ ಕಡಿಮೆಯಿದ್ದು, ಸ್ನಾನ, ಊಟ, ಬಟ್ಟೆ ಎಲ್ಲ ತಾವೇ ನೋಡಿಕೊಂಡರೂ ಯಾವ ಕೆಲಸವೂ ಆಗದಿದ್ದರೆ 2. ಶ್ರಮದ ಕೆಲಸ ಆಗದು, ಹಗುರ ಮನೆಗೆಲಸವೋ ಕಚೇರಿ ಕೆಲಸವೋ ಆಗುತ್ತದೆ ಎಂದರೆ 1.

ಎಡವುವುದು ಎಲ್ಲಿ? ಸೊಸೆ ಪಾತ್ರೆ ಮುಟ್ಟಗೊಡುವುದಿಲ್ಲ ಎಂದಾದರೆ ಅದು ಮಾಡದಿರುವುದು, ಮಾಡಲಾಗದಿರುವುದಲ್ಲ. ಕ್ಯೂ ಉದ್ದವಿದೆಯೆಂದು ಗಾಲಿಕುರ್ಚಿಯಲ್ಲಿ ಬಂದವರೂ ಇರುತ್ತಾರೆ. ನೋವು ತಡೆಯಲಾಗದೆ ಮಲಗಿದ್ದರೆ ಆ ದಿನದ ಅಂಕ ಬರೆದು, ನೋವು ಹತೋಟಿಗೆ ಬಂದ ಮೇಲೆ ಮತ್ತೊಮ್ಮೆ ನೋಡಿ. ಜೊತೆಗೆ ಬಂದವರನ್ನೂ ಕೇಳಲೇಬೇಕು. ರೋಗಿ ತಾವೇ ಕೊಟ್ಟುಕೊಳ್ಳುವ ಅಂಕಕ್ಕಿಂತ ವೈದ್ಯರು ಕೊಡುವುದು ಹಲವು ಸಲ ಕಡಿಮೆಯೇ ಇರುತ್ತದೆ, ಅಂದರೆ ರೋಗಿ ಹೆಚ್ಚು ಚೆನ್ನಾಗಿದ್ದಾರೆಂದು ತೋರಿಸುತ್ತದೆ.

ಇನ್ನು ತಾಳೆ ನೋಡುವುದು. ಇಬ್ಬರು ವೈದ್ಯರು ಒಂದೇ ದಿನ, ಒಬ್ಬರದನ್ನೊಬ್ಬರು ನೋಡದೆ ಅಂಕ ಬರೆಯಲಿ. ಬರೀ ಶೇಕಡಾವಾರು ನಂಬಬೇಡಿ. 50 ರೋಗಿಗಳನ್ನು ‘0–1’ ಮತ್ತು ‘2 ಮೇಲ್ಪಟ್ಟು’ ಎಂದು ಎರಡು ಗುಂಪು ಮಾಡಿ, 40 ಮಂದಿಯಲ್ಲಿ ಒಮ್ಮತ ಬಂತೆನ್ನಿ: ಶೇ 80. ಆದರೆ ಇಬ್ಬರೂ ಶೇ 80ರಷ್ಟು ಜನರನ್ನು ಮೊದಲ ಗುಂಪಿಗೇ ಹಾಕಿದ್ದರೆ, ಕಣ್ಣುಮುಚ್ಚಿ ಹಾಕಿದರೂ ಶೇ 68 ತಾಳೆಯಾಗುತ್ತಿತ್ತು. ಉಳಿದ 32ರಲ್ಲಿ ನಿಜವಾಗಿ ಗಳಿಸಿದ್ದು 12, ಅಂದರೆ ಕಪ್ಪಾ (ಆಕಸ್ಮಿಕ ತಾಳೆಯನ್ನು ಕಳೆದು ಒಮ್ಮತ ಅಳೆಯುವ ಅಂಕಿ) 12/32, ಬರೀ 0.375. 0ಯಿಂದ 4ರವರೆಗಿನ ಎಲ್ಲ ಅಂಕ ಹೋಲಿಸುವಾಗ ತೂಕದ ಕಪ್ಪಾ ಬಳಸಿ. 1ಕ್ಕೂ 2ಕ್ಕೂ ಇರುವ ವ್ಯತ್ಯಾಸವನ್ನು 1ಕ್ಕೂ 4ಕ್ಕೂ ಇರುವ ವ್ಯತ್ಯಾಸದಷ್ಟೇ ದೊಡ್ಡದೆಂದು ಅದು ಎಣಿಸುವುದಿಲ್ಲ.

ಅಂಕ ಬೇರೆಯಾದ ಕಡೆ ಇಬ್ಬರೂ ಕೂತು ಗಂಟೆಗಳ ಲೆಕ್ಕ ಹೋಲಿಸಿ. ಸರಾಸರಿ ತೆಗೆದು 1.5 ಎಂದು ಬರೆಯುವಂತಿಲ್ಲ. ಕೇಸ್ ಶೀಟಿನಲ್ಲಿ ಅಂಕದ ಪಕ್ಕ ತಾರೀಕು, ಗಂಟೆಗಳು, ಮಾಹಿತಿ ಕೊಟ್ಟವರು ರೋಗಿಯೋ ಮನೆಯವರೋ ಎಂಬುದೂ ಇರಲಿ. ಮುಂದಿನ ಭೇಟಿಯಲ್ಲಿ ಹಳೆಯ ಅಂಕ ನೋಡುವ ಮೊದಲೇ ಹೊಸದನ್ನು ಬರೆಯಿರಿ.