ಅಪ್‌ಡೇಟ್ ಫೇಲ್ ಆದ ಫೋನ್ ಬಂದಾಗ ನಾನು ಮಾಡುವ ಕೆಲಸ

ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಅಂಗನವಾಡಿ ಟೀಚರ್ ಒಬ್ಬರು ನಮ್ಮ ಅಂಗಡಿಗೆ ಬಂದರು. ಹಾಸನದಲ್ಲಿ ನನ್ನದೊಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ ಇದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಫೋನನ್ನು ಕೈಚೀಲದಿಂದ ತೆಗೆದು ಕೌಂಟರ್ ಮೇಲಿಟ್ಟರು.

"ಅಣ್ಣ, ಮೂರು ಸಲ ಆಯ್ತು. ಡೌನ್‌ಲೋಡ್ ಆಗುತ್ತೆ, ಆಮೇಲೆ ಆಗ್ಲಿಲ್ಲ ಅಂತ ಬರುತ್ತೆ. ಇನ್ನೊಂದು ಕಡೆ ತೋರಿಸಿದ್ದೆ, ರೀಸೆಟ್ ಹೊಡೀಬೇಕು ಅಂದ್ರು. ಮಗಳ ಮದುವೆ ಫೋಟೋ ಎಲ್ಲ ಇದ್ರಲ್ಲೇ ಇದೆ."

"ರೀಸೆಟ್ ಏನೂ ಬೇಡ ಅಕ್ಕ, ಕೂತ್ಕೊಳ್ಳಿ" ಅಂದೆ.

ಅಷ್ಟು ಧೈರ್ಯವಾಗಿ ಹೇಳಲು ಕಾರಣ ಇದೆ. ಅಂಗಡಿ ಹಾಕಿದ ಮೊದಲ ವರ್ಷಗಳಲ್ಲಿ ನಾನೂ ರೀಸೆಟ್ ಹೊಡೆಯುತ್ತಿದ್ದೆ. ಒಬ್ಬರ ಫೋನ್ ಅಪ್‌ಡೇಟ್ ಆದ ಮೇಲೆ ಲೋಗೋದಲ್ಲೇ ನಿಂತಿತ್ತು. ರೀಸೆಟ್ ಮಾಡಿದೆ, ಫೋನ್ ಆನ್ ಆಯಿತು. ಅವರು ಸಂತೋಷದಿಂದ ಗ್ಯಾಲರಿ ತೆರೆದರು. ತೀರಿಹೋದ ತಂದೆಯ ಫೋಟೋ ಒಂದೂ ಇರಲಿಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿ ಎರಡು ದಿನ ಹುಡುಕಿದೆ. ಏನೂ ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಈಗಿನ ಆಂಡ್ರಾಯ್ಡ್ ಫೋನಿನಲ್ಲಿ ಡೇಟಾ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬರೆದಿರುತ್ತದೆ. ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆಲ್ಲ ಇದು ಕಡ್ಡಾಯ. ರೀಸೆಟ್ ಮಾಡಿದಾಗ ಅದರ ಕೀಲಿಯೇ ಅಳಿಸಿಹೋಗುತ್ತದೆ. ಕೀಲಿ ಇಲ್ಲದ ಮೇಲೆ ಒಳಗೆ ಉಳಿದದ್ದು ಬರೀ ಕಸ. ಆ ಮನುಷ್ಯ ನನಗೆ ಒಂದು ಮಾತೂ ಅನ್ನಲಿಲ್ಲ. ಸುಮ್ಮನೆ ಎದ್ದು ಹೋದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಇನ್ನೊಂದು ತೊಂದರೆ ಇದೆ. ರಿಕವರಿಯಿಂದ, ಅಂದರೆ ಬಟನ್ ಒತ್ತಿ ತೆರೆಯುವ ಫೋನಿನ ದುರಸ್ತಿ ಮೆನುವಿನಿಂದ, ರೀಸೆಟ್ ಮಾಡಿದರೆ ಫೋನ್ ಮೊದಲಿದ್ದ ಗೂಗಲ್ ಅಕೌಂಟ್ ಕೇಳುತ್ತದೆ. ಕಳ್ಳರಿಗೆ ಫೋನ್ ಉಪಯೋಗಕ್ಕೆ ಬರಬಾರದು ಅಂತ ಆಂಡ್ರಾಯ್ಡ್ 5.1ರ ಕಾಲದಲ್ಲಿ ಬಂದ ವ್ಯವಸ್ಥೆ ಇದು. ಒಳ್ಳೆಯದೇ. ಆದರೆ ನಮ್ಮ ಕಡೆ ಎಷ್ಟೋ ಜನರ ಜಿಮೇಲನ್ನು ಫೋನ್ ಕೊಂಡ ಅಂಗಡಿಯ ಹುಡುಗ ಮಾಡಿಕೊಟ್ಟಿರುತ್ತಾನೆ. ಪಾಸ್‌ವರ್ಡ್ ಏನು ಅಂತ ಮಾಲೀಕರಿಗೇ ಗೊತ್ತಿಲ್ಲ. ಫೋಟೋನೂ ಹೋಯಿತು, ಫೋನೂ ಲಾಕ್ ಆಯಿತು, ಅಷ್ಟೆ.

ಟೀಚರ್ ಫೋನ್ ಆನ್ ಆಗಿಯೇ ಇತ್ತು. ಅಪ್‌ಡೇಟ್ ಫೇಲ್ ಆದರೂ ಫೋನ್ ಹೇಗೆ ನಡೆಯುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. 2016ರಲ್ಲಿ ಆಂಡ್ರಾಯ್ಡ್ 7ರ ಜೊತೆ ಒಂದು ಹೊಸ ಪದ್ಧತಿ ಬಂತು. ಸಿಸ್ಟಮ್‌ಗೆ ಎ, ಬಿ ಅಂತ ಎರಡು ಜಾಗ. ನೀವು ಎ ಮೇಲೆ ಕೆಲಸ ಮಾಡುತ್ತಿರುವಾಗ ಹೊಸದು ಬಿ ಒಳಗೆ ಕೂರುತ್ತದೆ. ಹಳೇ ಮನೆಯಲ್ಲೇ ಇದ್ದುಕೊಂಡು ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದ ಹಾಗೆ. ಹೊಸ ಮನೆ ಸರಿಯಾಗಿ ಆದ ಮೇಲೆ ರೀಸ್ಟಾರ್ಟ್, ಆಗ ಗೃಹಪ್ರವೇಶ. ಆಗದಿದ್ದರೆ ಹಳೇ ಮನೆಗೆ ಏನೂ ಆಗಿರುವುದಿಲ್ಲ. ಹಾಗಾಗಿ ಆನ್ ಆಗುವ ಫೋನಿನಲ್ಲಿ ಅಪ್‌ಡೇಟ್ ಫೇಲ್ ಆದರೆ ಅವಸರ ಪಡಬೇಕಾದ್ದು ಏನೂ ಇಲ್ಲ.

ಮೊದಲು ಅವರ ಫೋಟೋ, ವಿಡಿಯೋಗಳನ್ನೆಲ್ಲ ನನ್ನ ಕಂಪ್ಯೂಟರಿಗೆ ಇಳಿಸಿದೆ. ಇದು ಈಗ ನಮ್ಮ ಅಂಗಡಿಯ ನಿಯಮ. ಆಮೇಲೆ ಕಾರಣ ಹುಡುಕಲು ಕೂತೆ.

ಪರದೆ ಮೇಲೆ ಬರುವ ಮೆಸೇಜ್‌ನಿಂದ ಏನೂ ಗೊತ್ತಾಗುವುದಿಲ್ಲ. "ಅಪ್‌ಡೇಟ್ ಆಗಲಿಲ್ಲ, ಮತ್ತೆ ಪ್ರಯತ್ನಿಸಿ" ಅಷ್ಟೇ. ನಿಜವಾದ ಕಾರಣ ಲಾಗ್‌ನಲ್ಲಿ, ಅಂದರೆ ಫೋನ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಾಖಲೆಯಲ್ಲಿ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿಗೆ ಹಾಕಿ, ಆ ಲಾಗನ್ನು ಕಂಪ್ಯೂಟರಿನಲ್ಲಿ ತೋರಿಸುವ ಎಡಿಬಿ ಲಾಗ್‌ಕ್ಯಾಟ್ ಅನ್ನುವ ಕಮಾಂಡ್ ಓಡಿಸುತ್ತಾ ಇನ್ನೊಮ್ಮೆ ಅಪ್‌ಡೇಟ್ ಒತ್ತಬೇಕು. ಅಪ್‌ಡೇಟ್ ಎಂಜಿನ್ ಅನ್ನುವ ಹೆಸರಿನ ಸಾಲುಗಳನ್ನು ಮಾತ್ರ ನೋಡಿದರೆ ಸಾಕು. ಅವರ ಫೋನಿನಲ್ಲಿ ಬಂದದ್ದು ಎರರ್ ಕೋಡ್ 60. ಅಂದರೆ ಜಾಗ ಸಾಲದು.

"ಅಯ್ಯೋ, ಅಪ್‌ಡೇಟ್ ಇರೋದೇ 900 ಎಂಬಿ. ಎರಡು ಜಿಬಿ ಖಾಲಿ ಇದೆಯಲ್ಲ ಅಣ್ಣ?" ಅಂದರು. ಸರಿಯಾದ ಪ್ರಶ್ನೆ. 2020ರಲ್ಲಿ ಆಂಡ್ರಾಯ್ಡ್ 11ರ ಜೊತೆ ಆ ಎ-ಬಿ ಪದ್ಧತಿಯನ್ನು ಸ್ವಲ್ಪ ಬದಲಾಯಿಸಿದರು. ಎರಡು ಪೂರ್ತಿ ಸಿಸ್ಟಮ್ ಇಟ್ಟರೆ ಜಾಗ ಜಾಸ್ತಿ ಬೇಕು. ಅದಕ್ಕೆ ಬದಲಾದ ಭಾಗವನ್ನಷ್ಟೇ ತಾತ್ಕಾಲಿಕವಾಗಿ ಬರೆಯುತ್ತಾರೆ. ಸಿಸ್ಟಮ್‌ನ ಜಾಗದಲ್ಲಿ ಹಿಡಿಸದಿದ್ದರೆ ನಮ್ಮ ಫೋಟೋ, ಆ್ಯಪ್‌ಗಳಿರುವ ಜಾಗದಲ್ಲೇ ಬರೆಯುತ್ತದೆ. ಡೌನ್‌ಲೋಡ್ ಸೈಜ್ ಅಂತ ತೋರಿಸುವುದು ಒತ್ತಿ ಕಟ್ಟಿದ ಗಂಟು. ಬಿಚ್ಚಿದಾಗ ಅದು ದೊಡ್ಡದಾಗುತ್ತದೆ. 64 ಜಿಬಿ ಫೋನಿನಲ್ಲಿ ಎಂಟು ಹತ್ತು ಜಿಬಿ ಖಾಲಿ ಇಲ್ಲದೆ ನಾನು ದೊಡ್ಡ ಅಪ್‌ಡೇಟಿಗೆ ಕೈ ಹಾಕುವುದಿಲ್ಲ.

ಜಾಗ ಮಾಡುವುದೂ ಒಂದು ಕೆಲಸವೇ. ಅವರು ಮನೆಯಲ್ಲಿ ನೂರಾರು ವಿಡಿಯೋ ಅಳಿಸಿದ್ದರಂತೆ, ಆದರೂ ಜಾಗ ಆಗಿರಲಿಲ್ಲ. ನೋಡಿದರೆ ಎಲ್ಲ ಬಿನ್‌ನಲ್ಲಿ ಕೂತಿತ್ತು. ಗ್ಯಾಲರಿಯಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಒಂದು ತಿಂಗಳಷ್ಟು ದಿನ ಅಲ್ಲೇ ಇರುತ್ತದೆ. ಬಿನ್ ಖಾಲಿ ಮಾಡಿದ ಮೇಲೇ ಜಾಗ ಬರುವುದು. ವಾಟ್ಸ್ಆ್ಯಪ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ಅಂತ ಇದೆ. ಯಾವ ಗ್ರೂಪ್ ಎಷ್ಟು ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ತೋರಿಸುತ್ತದೆ. ಮೂರು ಗ್ರೂಪ್‌ಗಳ ಶುಭೋದಯ ವಿಡಿಯೋಗಳೇ ಏಳು ಜಿಬಿ ಇದ್ದವು. ಕೆಲಸದ ಗ್ರೂಪ್ ಮುಟ್ಟಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಆ ಆ್ಯಪ್‌ನಲ್ಲೇ ಮಾಮೂಲಿ ಡಿಲೀಟ್ ಕೊಟ್ಟರೆ ಆನ್‌ಲೈನ್ ಕಾಪಿಯೂ ಹೋಗುತ್ತದೆ. ಫೋನಿನಲ್ಲಿ ಮಾತ್ರ ತೆಗೆಯಬೇಕೆಂದರೆ "ಫ್ರೀ ಅಪ್ ಸ್ಪೇಸ್" ಒತ್ತಬೇಕು.

ಹನ್ನೊಂದು ಜಿಬಿ ಖಾಲಿ ಆಯಿತು. ಮತ್ತೆ ಹಾಕಿದೆ. ಅರ್ಧ ಆಗುವಷ್ಟರಲ್ಲಿ ಕರೆಂಟ್ ಹೋಯಿತು, ವೈಫೈ ನಿಂತಿತು, ಅಪ್‌ಡೇಟ್ ಮತ್ತೆ ಫೇಲ್. ಟೀಚರ್ ಮುಖ ಬಾಡಿತು. ಲಾಗ್‌ನಲ್ಲಿ ಈ ಸಲ 9, ಅಂದರೆ ಡೌನ್‌ಲೋಡ್ ಮಧ್ಯೆ ಕಡಿದುಹೋಗಿದೆ. ಇದಕ್ಕೆ ಏನೂ ಮಾಡಬೇಕಿಲ್ಲ. ಕರೆಂಟ್ ಬಂದ ಮೇಲೆ ಮತ್ತೆ ಒತ್ತಿದೆ, ನಿಂತ ಕಡೆಯಿಂದಲೇ ಮುಂದುವರಿಯಿತು. ಮುಕ್ಕಾಲು ಗಂಟೆಯಲ್ಲಿ ಹೊಸ ಸಿಸ್ಟಮ್ ಬಂತು.

ಆದರೂ ಫೋನನ್ನು ಆಗಲೇ ಕೊಡಲಿಲ್ಲ. ಮೊದಲ ಸಲ ಆನ್ ಆದ ಮೇಲೆ ಆ ತಾತ್ಕಾಲಿಕ ಬರಹವನ್ನು ಅಸಲಿ ಜಾಗಕ್ಕೆ ಸೇರಿಸುವ ಕೆಲಸ ಹಿಂದೆ ನಡೆಯುತ್ತಿರುತ್ತದೆ. ಅದಕ್ಕೆ ಮರ್ಜ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ರೀಸೆಟ್, ಫ್ಲ್ಯಾಶ್ (ಕಂಪ್ಯೂಟರಿನಿಂದ ಸಿಸ್ಟಮ್ಮನ್ನೇ ಹೊಸದಾಗಿ ಬರೆಯುವುದು) ಏನನ್ನೂ ಮಾಡಬಾರದು. ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಇಬ್ಬರೂ ಪಕ್ಕದ ಅಂಗಡಿಯ ಕಾಫಿ ಕುಡಿದೆವು.

ಆನ್ ಆಗುವ ಫೋನಿನ ಕಥೆ ಇದು. ಲೋಗೋದಲ್ಲಿ ನಿಂತ ಫೋನ್ ಬಂದರೆ ಬೇರೆ. ಹೊಸ ಜಾಗದಿಂದ ಆನ್ ಆಗಲು ಫೋನ್ ಕೆಲವು ಸಲ ಪ್ರಯತ್ನಿಸುತ್ತದೆ. ಆಗದಿದ್ದರೆ ತಾನೇ ಹಳೆಯದಕ್ಕೆ ವಾಪಸ್ ಬರುತ್ತದೆ. ಈ ನಡುವೆ ಅದು ನಾಲ್ಕೈದು ಸಲ ಆರಿ ಹತ್ತಬಹುದು. ಜನ ಅದನ್ನೇ ನೋಡಿ ಗಾಬರಿಯಾಗಿ ಬಟನ್ ಒತ್ತಲು ಶುರು ಮಾಡುತ್ತಾರೆ. ನಾನು ಚಾರ್ಜರ್ ಹಾಕಿ ಒಂದು ಗಂಟೆ ಮುಟ್ಟುವುದಿಲ್ಲ. ಎಷ್ಟೋ ಫೋನ್ ಹಾಗೇ ಎದ್ದು ಬಂದಿವೆ. "ನಿಮ್ಮ ಡೇಟಾ ಹಾಳಾಗಿರಬಹುದು" ಅಂತ ಇಂಗ್ಲಿಷಿನಲ್ಲಿ ಒಂದು ಪರದೆ ಬಂದರೆ ಅಲ್ಲಿ ಎರಡು ಸಾಲು ಇರುತ್ತವೆ. ಒಂದು ಟ್ರೈ ಅಗೇನ್, ಇನ್ನೊಂದು ಫ್ಯಾಕ್ಟರಿ ಡೇಟಾ ರೀಸೆಟ್. ಮೊದಲನೆಯದನ್ನೇ ಒತ್ತಿ, ಎರಡು ಮೂರು ಸಲ ಒತ್ತಿ.

ಹಳೇ ಫೋನುಗಳಲ್ಲಿ ಸಿಸ್ಟಮ್‌ಗೆ ಒಂದೇ ಜಾಗ. ಅಲ್ಲಿ ಮಧ್ಯೆ ನಿಂತರೆ ನಿಜವಾಗಿಯೂ ಅಪಾಯ. ರಿಕವರಿಗೆ ಹೋಗಿ ವೈಪ್ ಕ್ಯಾಶ್ ಪಾರ್ಟಿಷನ್ ಮಾಡಿದರೆ, ಅಂದರೆ ಸಿಸ್ಟಮ್‌ನ ತಾತ್ಕಾಲಿಕ ಫೈಲುಗಳನ್ನಷ್ಟೇ ಅಳಿಸಿದರೆ, ಕೆಲವು ಸಲ ಸರಿಯಾಗುತ್ತದೆ, ಡೇಟಾ ಹೋಗುವುದಿಲ್ಲ. ಆದರೆ ವೈಪ್ ಡೇಟಾ ಅನ್ನುವ ಸಾಲು ಅದಕ್ಕೆ ಅಂಟಿಕೊಂಡೇ ಇರುತ್ತದೆ. ವಾಲ್ಯೂಮ್ ಬಟನ್‌ನಿಂದ ಇಳಿಯುವಾಗ ಎರಡು ಸಲ ಓದಿ ಒತ್ತಿ.

ಏನೂ ಆಗದಿದ್ದಾಗ ನನ್ನ ದಾರಿ ಸೈಡ್‌ಲೋಡ್. ಪೂರ್ತಿ ಅಪ್‌ಡೇಟ್ ಫೈಲನ್ನು ಕಂಪ್ಯೂಟರಿನಿಂದ ರಿಕವರಿಗೆ ಕಳಿಸುವುದು. ಫ್ಲ್ಯಾಶ್ ಹೊಡೆದ ಹಾಗಲ್ಲ, ಇದರಲ್ಲಿ ಡೇಟಾ ಉಳಿಯುತ್ತದೆ. ತನ್ನದೇ ಪಿಕ್ಸೆಲ್ ಫೋನುಗಳ ಪೂರ್ತಿ ಫೈಲುಗಳನ್ನು ಗೂಗಲ್ ಎಲ್ಲರಿಗೂ ತೆರೆದಿಟ್ಟಿದೆ. ಎಲ್ಲ ಕಂಪನಿಗಳೂ ಹೀಗೆ ಕೊಟ್ಟರೆ ಎಷ್ಟು ಜನರ ಫೋಟೋ ಉಳಿಯುತ್ತಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಫೈಲ್ ನಿಮ್ಮ ಮಾಡೆಲ್‌ದೇ ಆಗಿರಬೇಕು, ಈಗಿರುವುದಕ್ಕಿಂತ ಹಳೆಯದಾಗಿರಬಾರದು. ಹಳೆಯದನ್ನು ಫೋನ್ ತೆಗೆದುಕೊಳ್ಳುವುದಿಲ್ಲ, ಕೋಡ್ 51 ಕೊಟ್ಟು ನಿಲ್ಲುತ್ತದೆ. ಎಲ್ಲೆಲ್ಲೋ ಸಿಕ್ಕ, ಯಾರೋ ತಿದ್ದಿದ ಫೈಲ್ ಹಾಕಿದರೆ ಸಿಗ್ನೇಚರ್ ವೆರಿಫಿಕೇಶನ್ ಫೇಲ್ಡ್, ಅಂದರೆ ಕಂಪನಿಯ ಸಹಿ ತಾಳೆಯಾಗಲಿಲ್ಲ ಅಂತ ಬರುತ್ತದೆ.

ಸೈಡ್‌ಲೋಡ್ ಮಾಡುವಾಗ ಎರಡು ಕಡೆ ಜನ ಎಡವುತ್ತಾರೆ. ಒಂದು, ಕೇಬಲ್. ಸಸ್ತಾ ಕೇಬಲ್‌ಗಳಲ್ಲಿ ಬರೀ ಚಾರ್ಜಿಂಗ್ ತಂತಿ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಕಂಪ್ಯೂಟರಿಗೆ ಫೋನ್ ಕಾಣಿಸುವುದೇ ಇಲ್ಲ. ಇನ್ನೊಂದು, 47. ಕಂಪ್ಯೂಟರಿನಲ್ಲಿ ಶೇಕಡಾ 47 ತೋರಿಸಿ ನಿಂತುಬಿಡುತ್ತದೆ. ಕೆಲವು ಸಲ ಫೇಲ್ಡ್ ಅನ್ನುವ ಪದವೂ ಬರುತ್ತದೆ. ಮೊದಲ ಸಲ ನಾನು ಕೇಬಲ್ ಕಿತ್ತೇ ಬಿಡುವವನಿದ್ದೆ. ಅಷ್ಟರಲ್ಲಿ ಫೋನಿನ ಪರದೆ ನೋಡಿದೆ, ಅಲ್ಲಿ ಕೆಲಸ ಮುಗಿದಿತ್ತು. ಆ 47 ಮಾಮೂಲು. ಏನಾಗಿದೆ ಅಂತ ಫೋನಿನ ಪರದೆಯಲ್ಲೇ ನೋಡಬೇಕು.

ಒಬ್ಬ ಇಂಜಿನಿಯರಿಂಗ್ ಹುಡುಗ ಬಂದಿದ್ದ. ಜಾಗ ಇದೆ, ನೆಟ್ ಇದೆ, ಆದರೂ ಪ್ರತಿ ತಿಂಗಳೂ ಫೇಲ್. ಕೇಳಿದಾಗ ಒಂದು ವರ್ಷದ ಹಿಂದೆ ರೂಟ್ ಮಾಡಿ (ಸಿಸ್ಟಮ್ ತಿದ್ದುವ ಪೂರ್ತಿ ಅಧಿಕಾರ ಪಡೆದು) ಆಮೇಲೆ ತೆಗೆದೆ ಅಂದ. ತಿಂಗಳ ಅಪ್‌ಡೇಟ್‌ನಲ್ಲಿ ಬದಲಾದ ಚೂರುಗಳು ಮಾತ್ರ ಇರುತ್ತವೆ. ಹಳೆಯದು ಕಂಪನಿ ಕೊಟ್ಟ ಹಾಗೇ ಇದೆಯಾ ಅಂತ ಅದು ಮೊದಲು ತಾಳೆ ನೋಡುತ್ತದೆ. ಒಂದು ಚೂರು ಬೇರೆ ಇದ್ದರೂ ನಿಲ್ಲುತ್ತದೆ. ಇವನ ಫೋನಿನ ಬೂಟ್ ಭಾಗ, ಅಂದರೆ ಫೋನ್ ಆನ್ ಆಗುವಾಗ ಸಿಸ್ಟಮ್ ಶುರು ಮಾಡುವ ಭಾಗ, ಅಸಲಿ ಆಗಿರಲಿಲ್ಲ. ಪೂರ್ತಿ ಫೈಲ್ ಸೈಡ್‌ಲೋಡ್ ಮಾಡಿದೆ, ಸರಿಹೋಯಿತು. "ಬೂಟ್‌ಲೋಡರ್ ಲಾಕ್ ಮಾಡ್ಲಾ ಅಣ್ಣ?" ಅಂದ. ಬೂಟ್‌ಲೋಡರ್ ಅಂದರೆ ಯಾವ ಸಿಸ್ಟಮ್ ಓಡಬೇಕು ಅಂತ ಕಾಯುವ ಬಾಗಿಲು, ರೂಟ್ ಮಾಡಲು ಅದರ ಲಾಕ್ ತೆಗೆದಿರುತ್ತಾರೆ. ಬ್ಯಾಕಪ್ ಇಲ್ಲದೆ ಬೇಡ ಅಂದೆ, ಲಾಕ್ ಮಾಡಿದರೂ ಡೇಟಾ ಎಲ್ಲ ಹೋಗುತ್ತದೆ.

ಇನ್ನು ಕೆಲವಕ್ಕೆ ಐದು ನಿಮಿಷವೂ ಬೇಡ. ಚೆಕ್ ಮಾಡಲು ಹೋದರೆ ಸರ್ವರ್ ಸಿಗುವುದೇ ಇಲ್ಲ ಅಂದಾಗ ತಾರೀಕು ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಫೋನ್ ಹಳೇ ವರ್ಷಕ್ಕೆ ಹೋಗಿರುತ್ತದೆ, ಆಗ ಸುರಕ್ಷಿತ ಸಂಪರ್ಕವೇ ಆಗುವುದಿಲ್ಲ.

ನನಗೆ ಹೆದರಿಕೆ ಹುಟ್ಟಿಸುವುದು ಒಂದೇ ತರಹದ ಫೇಲ್. ಜಾಗ ಇದ್ದೂ ಕೋಡ್ 28, ಅಂದರೆ ಬರೆಯಲು ಆಗಲಿಲ್ಲ. ಅಥವಾ 47, ಬರೆದದ್ದನ್ನು ಓದಿ ತಾಳೆ ನೋಡಿದಾಗ ಹೊಂದಲಿಲ್ಲ. ಸೈಡ್‌ಲೋಡ್‌ನ ಶೇಕಡಾ 47ಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂದು ಸಲ ಬಂದರೆ ಬಿಡಿ. ಮತ್ತೆ ಮತ್ತೆ ಬಂದು, ಫೋನೂ ಸುಮಾರು ದಿನದಿಂದ ನಿಧಾನ ಆಗಿದೆ ಅಂದರೆ ಒಳಗಿನ ಮೆಮೊರಿ ಚಿಪ್ ಸೋಲುತ್ತಿದೆ ಅಂತ ನನಗೆ ಅನುಮಾನ. ಆಗ ಅಪ್‌ಡೇಟ್ ಪ್ರಯತ್ನವನ್ನೇ ಬಿಡುತ್ತೇನೆ.

ಹೋದ ತಿಂಗಳು ಬೇಲೂರಿನ ಅಜ್ಜ ಒಬ್ಬರ ಫೋನ್ ಹೀಗೇ ಇತ್ತು. ಎರಡು ಸಲ 28 ಬಂದ ತಕ್ಷಣ ನಿಲ್ಲಿಸಿದೆ. "ಅಪ್‌ಡೇಟ್ ಬೇಡ ತಾತ, ಮೊದಲು ಫೋಟೋ ತೆಗೆಯೋಣ" ಅಂದೆ. ಮೊಮ್ಮಗುವಿನ ನಾಮಕರಣ, ತೋಟ, ಹೆಂಡತಿಯ ಹಳೇ ವಾಯ್ಸ್ ಮೆಸೇಜ್‌ಗಳು. ಕಾಪಿ ನಿಂತು ನಿಂತು ಸಾಗಿತು, ಕೆಲವು ಫೈಲಿಗೆ ಎರಡು ಮೂರು ಸಲ ಪ್ರಯತ್ನ ಬೇಕಾಯಿತು. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ರಾತ್ರಿ ಹತ್ತರವರೆಗೆ ಕೂತೆ. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ. ಮೂರನೇ ದಿನ ಅಜ್ಜ ಮತ್ತೆ ಬಂದರು. ಫೋನ್ ಆನ್ ಆಗುತ್ತಿರಲಿಲ್ಲ. ಪೆನ್‌ಡ್ರೈವ್ ಅವರ ಅಂಗಿಯ ಜೇಬಿನಲ್ಲಿತ್ತು.