ಹಳೇ ಕಾರು: ಬಿಚ್ಚುವ ಮೊದಲು ಅಳೆದು ನೋಡಿ

ನನ್ನ ಕಾರು 2003ರ ಮಾಡೆಲ್. ಪೆಟ್ರೋಲ್ ಎಂಜಿನ್. ಮೀಟರ್ 2,86,000 ಕಿಲೋಮೀಟರ್ ದಾಟಿದೆ. ನಾನು ಮೆಕ್ಯಾನಿಕ್ ಅಲ್ಲ. ಹನ್ನೊಂದು ವರ್ಷದಿಂದ ಇದರ ಕೆಳಗೆ ಅಂಗಾತ ಮಲಗಿ ಕಲಿತವನು ಅಷ್ಟೇ. ಕಲಿತದ್ದರಲ್ಲಿ ಅರ್ಧ, ತಪ್ಪು ಮಾಡಿ ಕಲಿತದ್ದು.

ಹಾಗಾಗಿ ತಪ್ಪಿನಿಂದಲೇ ಶುರು ಮಾಡುತ್ತೇನೆ. ಐದು ವರ್ಷದ ಹಿಂದೆ ಕಾರಿಗೆ ಒಂದು ಚಾಳಿ ಹತ್ತಿತು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಒಂದು ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್! ಬ್ಯಾಟರಿ ಹೋಗಿದೆ ಅಂದುಕೊಂಡು ಹೊಸದು ಹಾಕಿದೆ. ಅದೇ ಟಕ್. ಹಾಗಾದರೆ ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಇರಬೇಕು ಅಂತ ಅದನ್ನೂ ಬದಲಿಸಿದೆ. ಒಂದು ಇಡೀ ಭಾನುವಾರ ಹೋಯಿತು, ಮೂರು ಬೆರಳಿನ ಚರ್ಮವೂ ಹೋಯಿತು. ಮಾರನೇ ದಿನ ಮತ್ತೆ ಟಕ್. ಕೊನೆಗೆ ಸಿಕ್ಕಿಬಿದ್ದದ್ದು ಎಂಜಿನ್ನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥಿಂಗ್ ವೈರು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾಗಿತ್ತು. ತುದಿ ಬಿಚ್ಚಿ ನೋಡಿದರೆ ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು. ಬೆಟ್ಟ ಅಗೆದು ಇಲಿ ಹಿಡಿದೆ ಅಂತಾರಲ್ಲ, ಅದೇ ಕತೆ.

ಆಮೇಲೆ ಒಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಹಳೇ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸು, ಸೆಲ್ಫಿನಂಥ ದೊಡ್ಡ ಕಬ್ಬಿಣಕ್ಕಿಂತ ಮೊದಲು ಸೋಲುವುದು ಅದರ ಸುತ್ತಲಿನ ರಬ್ಬರು, ವೈರು, ಕ್ಲಿಪ್ಪು, ಮುಚ್ಚಳಗಳು. ಹೊಸ ಭಾಗ ತರುವ ಮೊದಲು ಅವನ್ನು ನೋಡಿ, ಅಳೆಯಿರಿ.

ಸ್ಟಾರ್ಟ್ ಆಗದಿದ್ದರೆ

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕಾರು ರಾತ್ರಿಯಿಡೀ ನಿಂತಿದ್ದ ಮೇಲೆ ಬ್ಯಾಟರಿಯ ಎರಡು ಕಂಬಗಳ ನಡುವೆ 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮಿಕ್ಕ ಮಾತು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಓಡುವಾಗಲೂ 12.4ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅಂಥ ಕಾರಿಗೆ ಹೊಸ ಬ್ಯಾಟರಿ ಹಾಕಿದರೆ ಅದೂ ಒಂದೆರಡು ದಿನದಲ್ಲಿ ಮಲಗುತ್ತದೆ.

ಈಗ ನನ್ನ ಎರಡು ಖರ್ಚನ್ನೂ ಉಳಿಸಬಹುದಾಗಿದ್ದ ಪರೀಕ್ಷೆ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದು ಎಂಜಿನ್ನಿನ ಬರೀ ಲೋಹದ ಮೇಲೆ. ಯಾರಾದರೂ ಒಳಗೆ ಕೂತು ಸೆಲ್ಫ್ ಹೊಡೆಯಲಿ. ಮೀಟರ್ 0.2, 0.3 ವೋಲ್ಟ್ ತೋರಿಸಿದರೆ ಸರಿ. 0.5 ದಾಟಿದರೆ ಅರ್ಥಿಂಗ್ ದಾರಿಯಲ್ಲಿ ಎಲ್ಲೋ ತೊಂದರೆ ಇದೆ. ನನ್ನದರಲ್ಲಿ 1.9 ಬಂತು. ಬ್ಯಾಟರಿ ಕೊಟ್ಟದ್ದು ಸೆಲ್ಫಿಗೆ ಪೂರ್ತಿ ತಲುಪುತ್ತಲೇ ಇರಲಿಲ್ಲ. ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ: ಒಂದು ಕಡ್ಡಿ ಪಾಸಿಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ದಪ್ಪ ವೈರಿನ ಬೋಲ್ಟಿಗೆ.

ಟರ್ಮಿನಲ್ ಮೇಲೆ ಬಿಳಿ ಪುಡಿ ಬೆಳೆದಿದ್ದರೆ ಅಡುಗೆ ಸೋಡಾ ಕಲಸಿದ ನೀರು ಸುರಿದು ಬ್ರಷ್ಷಿನಲ್ಲಿ ಉಜ್ಜಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇದನ್ನು ತಿರುಗಾಮುರುಗಾ ಮಾಡಿ ಸ್ಪ್ಯಾನರು ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಆ ಸ್ಪ್ಯಾನರು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ತುದಿ ಕರಗಿದೆ.

ನಿಂತಲ್ಲೇ ಎರಡು ದಿನಕ್ಕೆ ಬ್ಯಾಟರಿ ಇಳಿಯುತ್ತಿದ್ದರೆ ಯಾವುದೋ ಒಂದು ಗುಟ್ಟಾಗಿ ಕರೆಂಟು ಕುಡಿಯುತ್ತಿದೆ. ಕಾರು ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಕೇಬಲ್ಲಿಗೂ ಕಂಬಕ್ಕೂ ನಡುವೆ ಸೇರಿಸಿ. ಅರ್ಧ ಗಂಟೆ ಬಿಡಿ. 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಇದ್ದರೆ ಯೋಚನೆ ಇಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಧಪ್ ಅಂತ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ನನ್ನ ಕಾರಿನಲ್ಲಿ ಡಿಕ್ಕಿಯ ದೀಪ, ಮುಚ್ಚಿದ ಮೇಲೂ ಉರಿಯುತ್ತಿತ್ತು. ಮೀಟರ್ ಹೀಗೆ ಸೇರಿಸಿದ್ದಾಗ ಮಾತ್ರ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ ಅಂದರೆ ದಾರಿ ಬೇರೆ. ಕೀ ಆನ್ ಮಾಡಿ ಕಿವಿಗೊಡಿ. ಇಂಜೆಕ್ಷನ್ ಇರುವ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ‘ಗುಂಯ್’ ಅನ್ನುತ್ತದೆ. ಅದು ಪೆಟ್ರೋಲ್ ಪಂಪು. ಸದ್ದೇ ಇಲ್ಲದಿದ್ದರೆ ಪಂಪಿಗೆ ಕೈ ಹಾಕುವ ಮೊದಲು ಅದರ ಫ್ಯೂಸ್ ನೋಡಿ. ಆಮೇಲೆ ಅದರ ರಿಲೇ (ಕರೆಂಟು ಹರಿಸುವ ಪುಟ್ಟ ಸ್ವಿಚ್ಚಿನ ಡಬ್ಬಿ) ತೆಗೆದು, ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದನ್ನು ಅಲ್ಲಿ ಹಾಕಿ. ಗುಂಯ್ ಅಂದರೆ ಕೆಟ್ಟದ್ದು ಹಳೇ ರಿಲೇ, ಕೆಲಸ ಮುಗಿಯಿತು.

ಸೋರಿಕೆ ಮತ್ತು ಎಣ್ಣೆ

ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಆ ರಟ್ಟು ಎಲ್ಲ ಹೇಳುತ್ತದೆ. ಬರೀ ನೀರಾದರೆ ಏಸಿಯದು, ಬಿಟ್ಟುಬಿಡಿ. ಹಸಿರು ಅಥವಾ ಗುಲಾಬಿ ಬಣ್ಣ, ಸಿಹಿ ವಾಸನೆ ಇದ್ದರೆ ಎಂಜಿನ್ ತಂಪಾಗಿಡುವ ಕೂಲೆಂಟ್. ಕಂದು, ಕಪ್ಪು ಇದ್ದರೆ ಎಂಜಿನ್ ಆಯಿಲ್. ಕೆಂಪಗಿದ್ದರೆ ಪವರ್ ಸ್ಟೀರಿಂಗಿನದೋ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದೋ ಇರಬಹುದು. ಚಕ್ರದ ಒಳಬದಿಯಲ್ಲಿ ತಿಳಿಯಾದ, ಜಾರುವ ದ್ರವ ಕಂಡರೆ ಅದು ಬ್ರೇಕ್ ಫ್ಲೂಯಿಡ್ ಇದ್ದೀತು. ಆ ದಿನ ಕಾರು ತೆಗೆಯಬೇಡಿ.

ಹಳೇ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುತ್ತದೆ. ಅದಕ್ಕೆ ಗಾಬರಿ ಬೇಡ, ಆದರೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುವ ಅಭ್ಯಾಸ ಬೇಕು. ನಾನು ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಕಿಲೋಮೀಟರ್, ಎಷ್ಟು ಸುರಿದೆ ಅಂತ ಬರೆದಿಡುತ್ತೇನೆ. ಒಂದು ಸಲದ ಲೆಕ್ಕ ಏನೂ ಹೇಳುವುದಿಲ್ಲ. ಆರು ತಿಂಗಳ ಲೆಕ್ಕ ಇದ್ದರೆ ಕುಡಿತ ಯಾವಾಗ ಜಾಸ್ತಿಯಾಯಿತು ಅಂತ ಗೊತ್ತಾಗುತ್ತದೆ. ಹೊಗೆಯನ್ನೂ ನೋಡಿ. ತುಂಬಾ ಹೊತ್ತು ನಿಂತು ಸ್ಟಾರ್ಟ್ ಮಾಡಿದಾಗ ಒಂದು ಉಂಡೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಮೇಲೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೆಳಗಿನ ತೆಳು ಬಿಳಿ ಹೊಗೆ ಬರೀ ಆವಿ. ಎಂಜಿನ್ ಬಿಸಿಯಾದ ಮೇಲೂ ದಪ್ಪ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಗೂ ಮೈಗೂ ನಡುವಿನ ಸೀಲು) ಪರೀಕ್ಷೆ ಮಾಡಿಸಿ.

ಇಲ್ಲೂ ನನ್ನದೊಂದು ಕತೆ ಇದೆ. ಎಂಜಿನ್ನಿನ ಹಿಂಬದಿ ಸೀಲಿನಿಂದ ಆಯಿಲ್ ಜಿನುಗುತ್ತಿತ್ತು. ಗೇರ್‌ಬಾಕ್ಸ್ ಇಳಿಸಲೇಬೇಕು ಅಂತ ಒಬ್ಬರು ಹೇಳಿದರು. ಇಳಿಸುವ ಮೊದಲು ಪಿಸಿವಿ ವಾಲ್ವ್ ತೆಗೆದು ಅಲ್ಲಾಡಿಸಿದೆ. ಒಳ್ಳೇ ವಾಲ್ವ್ ಆದರೆ ಗಿಲಕಿ ಹಾಗೆ ಕಟಕಟ ಅನ್ನಬೇಕು. ಇದು ಮೂಕವಾಗಿತ್ತು, ಒಳಗೆ ಕರೀ ಅಂಟು. ಎಂಜಿನ್ ಒಳಗೆ ಕೂಡುವ ಗ್ಯಾಸು ಈ ವಾಲ್ವಿನ ಮೂಲಕ ಹೊರಗೆ ಹೋಗಿ ಮತ್ತೆ ಉರಿಯಲು ಸೇರಬೇಕು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಎಲ್ಲಿ ಸಡಿಲ ಸಿಗುತ್ತದೋ ಅಲ್ಲಿಂದ ಆಯಿಲನ್ನು ತಳ್ಳುತ್ತದೆ. ಬೆರಳುದ್ದದ ಆ ವಾಲ್ವ್ ಬದಲಿಸಿದೆ. ಸೋರಿಕೆ ಪೂರ್ತಿ ನಿಲ್ಲಲಿಲ್ಲ, ಆದರೆ ರಟ್ಟಿನ ಮೇಲೆ ಅಂಗೈಯಗಲ ಇದ್ದ ಕಲೆ ನಾಲ್ಕು ಹನಿಗೆ ಇಳಿಯಿತು. ನಾಲ್ಕು ಹನಿಗೆ ಗೇರ್‌ಬಾಕ್ಸ್ ಯಾರು ಇಳಿಸುತ್ತಾರೆ?

ಬಿಸಿಯಾಗುವ ಕಾಟ

ಮೊದಲ ಮಾತು: ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗಿನ ನೀರು ಒತ್ತಡದಲ್ಲಿದೆ, 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಉಕ್ಕಿ ಮುಖಕ್ಕೆ ಎರಚುತ್ತದೆ.

ಆ ಒತ್ತಡ ಹಿಡಿದಿಡುವುದೇ ಮುಚ್ಚಳದ ಕೆಲಸ. ಅದರ ರಬ್ಬರು ಒಣಗಿ ಬಿರಿದರೆ ಕೂಲೆಂಟ್ ಬೇಗ ಕುದಿಯುತ್ತದೆ, ಉಕ್ಕಿ ಹೊರಗೆ ಹೋಗುತ್ತದೆ. ಕೂಲೆಂಟ್ ಕಡಿಮೆಯಾಗುತ್ತಿದೆ, ಎಲ್ಲೂ ಸೋರಿಕೆ ಕಾಣುತ್ತಿಲ್ಲ ಅನ್ನುವವರು ಮೊದಲು ಮುಚ್ಚಳ ನೋಡಿ. ಆಮೇಲೆ ತಣ್ಣಗಿದ್ದಾಗ ಹೋಸುಗಳನ್ನು ಹಿಸುಕಿ. ಕ್ಲಾಂಪಿನ ಹತ್ತಿರ ಉಬ್ಬಿ ಮೆತ್ತಗಾಗಿದ್ದರೂ, ಹಿಸುಕಿದಾಗ ಬಿರುಕು ಬಿಟ್ಟರೂ ಬದಲಿಸಿ. ಎಂಜಿನ್ ಬಿಸಿಯಾಗಿದ್ದರೂ ರೇಡಿಯೇಟರ್ ಹೋಸು ತಣ್ಣಗೇ ಇದ್ದರೆ, ಬಿಸಿಯಾದಾಗ ಕೂಲೆಂಟಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ ಅನ್ನುವ ಅನುಮಾನ. ಎಷ್ಟು ಓಡಿಸಿದರೂ ಬಿಸಿ ತೋರಿಸುವ ಮುಳ್ಳು ಮೇಲೇರುವುದಿಲ್ಲ, ಮೈಲೇಜ್ ಬೇರೆ ಇಳಿದಿದೆ ಅಂದರೆ ಅದು ತೆರೆದೇ ಉಳಿದಿದೆ. ಟ್ರಾಫಿಕ್ಕಿನಲ್ಲಿ ಮಾತ್ರ ಬಿಸಿಯಾಗಿ, ಓಡುವಾಗ ಸರಿಹೋದರೆ ಫ್ಯಾನಿನ ಕಡೆ ನೋಡಿ: ಫ್ಯೂಸ್, ರಿಲೇ, ಪ್ಲಗ್, ಕೊನೆಗೆ ಮೋಟಾರು.

ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ನೊರೆ ಕಂಡು ಕಂಗಾಲಾಗಬೇಡಿ. ಬರೀ ಹತ್ತಿರದ ಓಡಾಟದಲ್ಲೂ ತೇವ ಸೇರಿ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ನೊರೆ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಎಂಜಿನ್ ಲೈಟ್

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಹತ್ತಿದರೆ ಕಾರು ಒಳಗೆ ಒಂದು ಕೋಡು ಬರೆದಿಟ್ಟಿರುತ್ತದೆ. ಅದನ್ನು ಓದಲು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಕೋಡ್ ರೀಡರ್ ಈಗ ಸುಲಭವಾಗಿ ಸಿಗುತ್ತದೆ. ತಗೊಳ್ಳಿ. ಆದರೆ ಕೋಡು ಭಾಗದ ಹೆಸರು ಹೇಳುವುದಿಲ್ಲ, ಲಕ್ಷಣ ಹೇಳುತ್ತದೆ. ಪಿ0171 ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ. ಅದಕ್ಕೆ ಆಕ್ಸಿಜನ್ ಸೆನ್ಸರ್ ಬದಲಿಸಿದವರು ಬೇಕಾದಷ್ಟು ಜನ. ನನ್ನದರಲ್ಲಿ ಬಿರುಕು ಬಿಟ್ಟ ಒಂದು ವ್ಯಾಕ್ಯೂಮ್ ಪೈಪಿತ್ತು, ಹೆಚ್ಚಿನ ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಹುಡುಕಿದ್ದು ಹೇಗೆ ಅಂದರೆ, ಒಂದು ಮೀಟರ್ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಓಡುವ ಎಂಜಿನ್ನಿನ ಪೈಪುಗಳ ಉದ್ದಕ್ಕೂ. ಬಿರುಕಿನ ಹತ್ತಿರ ‘ಸ್ಸ್’ ಅಂತ ಕಿವಿಗೇ ಊದಿದ ಹಾಗಾಯಿತು. ಬೆಲ್ಟು, ಫ್ಯಾನುಗಳಿಂದ ಕೊಳವೆ, ತೋಳು, ಕೂದಲು ದೂರ ಇರಲಿ.

ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪ್ರತಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಅದಕ್ಕೆ ಕರೆಂಟು ಕೊಡುವ ಬೇರೆ ಕಾಯಿಲ್ ಇರುವ ಕಾರಾದರೆ ಎರಡರ ಕಾಯಿಲನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡು ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302ರಲ್ಲೇ ನಿಂತರೆ ಪ್ಲಗ್ಗು ಅದಲುಬದಲು ಮಾಡಿ. ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮಾಡಿದರೆ ಸರಿಹೋದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ, ಹಾಕುವಾಗ ಮೊದಲ ಸುತ್ತುಗಳು ಕೈಯಲ್ಲೇ ಆಗಲಿ. ಅಡ್ಡ ಕೂತರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡು ಹಾಳಾಗುತ್ತದೆ.

ನಾನು ರಾಜಿ ಮಾಡಿಕೊಳ್ಳದವು

ಟೈಮಿಂಗ್ ಬೆಲ್ಟ್ (ಪಿಸ್ಟನ್ನು, ವಾಲ್ವುಗಳ ಓಡಾಟವನ್ನು ಹೊಂದಿಸುವ ಬೆಲ್ಟ್) ಇರುವ ಕಾರು ಹಳೆಯದಾಗಿ ಕೊಂಡು, ಹಿಂದೆ ಯಾವಾಗ ಬದಲಿಸಿದ್ದರು ಅಂತ ಗೊತ್ತಿಲ್ಲದಿದ್ದರೆ, ಈಗಲೇ ಬದಲಿಸಿ. ಬಹಳಷ್ಟು ಎಂಜಿನ್ನುಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ನು ವಾಲ್ವಿಗೆ ಹೊಡೆದು ಬಾಗಿಸುತ್ತದೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಸೇರಿದಂತೆ ಆ ಮಿತಿ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಿರಿ.

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕುವುದಿಲ್ಲ. ಗಟ್ಟಿ, ಸಮತಟ್ಟಾದ ನೆಲ, ಎರಡು ಆಕ್ಸೆಲ್ ಸ್ಟ್ಯಾಂಡ್, ಕೆಳಗಿರುವ ಚಕ್ರಕ್ಕೆ ಅಡ್ಡಕಟ್ಟೆ. ಆಮೇಲೂ ಕಾರನ್ನು ಒಂದು ಸಲ ಜೋರಾಗಿ ಅಲ್ಲಾಡಿಸಿ ನೋಡಿಯೇ ಒಳಗೆ ಹೋಗುವುದು. ಸಸ್ಪೆನ್ಷನ್ ಸ್ಪ್ರಿಂಗು, ಏರ್‌ಬ್ಯಾಗು ಎರಡನ್ನೂ ನಾನು ಮುಟ್ಟುವುದಿಲ್ಲ. ಅದು ಕಲಿತವರ ಕೆಲಸ.

ಕೊನೆಗೆ ತುಕ್ಕು ಹಿಡಿದ ಬೋಲ್ಟು. ಮೊದಲು ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಆರು ಮೂಲೆಯ ಸಾಕೆಟ್ ಹಾಕಿ, ಹನ್ನೆರಡು ಮೂಲೆಯದು ಬೋಲ್ಟಿನ ತಲೆ ಸವೆಸುತ್ತದೆ. ಬಿಚ್ಚುವ ಕಡೆಗೇ ಬಲ ಹಾಕುತ್ತಾ ಕೂರಬೇಡಿ. ಚೂರು ಬಿಗಿ, ಚೂರು ಸಡಿಲ, ಮತ್ತೆ ಎಣ್ಣೆ. ನನ್ನ ಸೈಲೆನ್ಸರ್ ಪೈಪಿನ ಎರಡು ಬೋಲ್ಟಿಗೆ ಈಗ ತಾನೇ ಮೂರನೇ ಸಲ ಎಣ್ಣೆ ಹೊಡೆದು ಕೈ ತೊಳೆದು ಬಂದೆ. ಒಂದು ಬೋಲ್ಟು ಕಾಲು ಸುತ್ತು ಬಂದಿದೆ. ಇನ್ನೊಂದು ಇನ್ನೂ ಮಿಸುಕಾಡಿಲ್ಲ, ಬೆಳಿಗ್ಗೆ ನೋಡಬೇಕು.